ಮೂವರಿಗೊಂದು ಟಿಕೀಟು

ನಮ್ಮ ಷಡ್ಡಕನ ಜೊತೆ ದಾವಣಗೆರೆಗೆ ಹೋಗಿ ನಾನು ಒಟ್ಟು ಎಂಟು ನಾಟಕಗಳನ್ನು ನೋಡದೆ ಬಂದಿದ್ದೇನೆ. ಕಣ್ಣುಜ್ಜಿಕೊಂಡು ಮತ್ತೆ ಓದಬೇಡಿ, ನೋಡದೆ ಅಂತಲೇ ಬರೆದಿದ್ದೇನೆ! ನಾಟಕಕ್ಕೆಂದೇ ಕೊಟ್ಟೂರಿನಲ್ಲಿ ಬಸ್ಸು ಹತ್ತಿ, ಹರಪನಹಳ್ಳಿಯಲ್ಲಿ ಇಳಿದು ಸೊಂಟ ನೆಟ್ಟಗೆ ಮಾಡಿಕೊಂಡು, ಮತ್ತೆ ಹತ್ತಿ, ಥೇಟರಿನ ಬಾಗಿಲತನಕ ಹೋಗಿ, ಹೊರಗೆ ಕೂತು ವಾಪಸು ಬಂದವನು ಈ ಭೂಮಿಯ ಮೇಲೆ ನಾನೊಬ್ಬನೇ ಇರಬೇಕು. ಅಲ್ಲ, ತಪ್ಪು ಹೇಳಿದೆ, ಇಬ್ಬರು. ಇನ್ನೊಬ್ಬ ಖಾಜಾ.

ಷಡ್ಡಕ ಅಂದರೆ ಹೆಂಡತಿಯ ಅಕ್ಕನ ಗಂಡ. ಎಂಥ ಸಂಬಂಧ ನೋಡಿ! ಹೆಂಡತಿಯನ್ನಾದರೂ ನಾನು ನೋಡಿ ಒಪ್ಪಿದ್ದೆ, ಇವನನ್ನು ಯಾರು ತೋರಿಸಿದ್ದರು? ಕೊಟ್ಟೂರಿನಲ್ಲಿ ಅವನದು ಗುಂಡಿ, ದಾರ, ಲಾಡಿ ಮಾರುವ ಅಂಗಡಿ. ಕೊಂಡ ಗುಂಡಿಗೆ ಸುತ್ತಲು ಒಂದು ಚೂರು ಕಾಗದ ಕೇಳಿದರೆ "ಅಂಗಿಗೆ ಜೇಬಿಲ್ಲೇನ್ರಿ?" ಅನ್ನುವ ಆಸಾಮಿ. ಪಕ್ಕದ್ದು ಖಾಜಾನ ಪಂಪ್‌ಸೆಟ್ ರಿಪೇರಿ ಅಂಗಡಿ. ನಾನು ಅದೇ ಬೀದಿಯ ಹೈಸ್ಕೂಲು ಮೇಷ್ಟ್ರು. ಸಂಜೆಯಾದರೆ ಮೂವರೂ ಷಡ್ಡಕನ ಅಂಗಡಿಯ ಕಟ್ಟೆಯ ಮೇಲೆ.

ಆ ವರ್ಷ ಖಾಜಾನ ಒಬ್ಬಳೇ ಮಗಳು ಜ್ವರ ಬಂದು ತೀರಿಕೊಂಡಳು. ದಾವಣಗೆರೆಯ ಆಸ್ಪತ್ರೆಗೂ ಒಯ್ದಿದ್ದ. ಜೂನಿನಲ್ಲಿ ಒಂದನೇ ಕ್ಲಾಸಿಗೆ ಹಾಕಬೇಕೆಂದು ಪಾಟಿ ಕೊಂಡಿಟ್ಟಿದ್ದ. ಆಮೇಲೆ ಖಾಜಾ ಪಂಪು ಬಿಚ್ಚುತ್ತಿದ್ದ, ಜೋಡಿಸುತ್ತಿದ್ದ, ಬಾಯಿ ಬಿಡುತ್ತಿರಲಿಲ್ಲ. ನಾಲ್ಕು ತಿಂಗಳು ಹೀಗೇ ಕಳೆಯಿತು. ಒಂದು ಸಂಜೆ ನಮ್ಮ ಷಡ್ಡಕ ಗಿರಾಕಿಗೆ ಲಾಡಿ ಅಳೆಯುತ್ತಲೇ, "ಶನಿವಾರ ದಾವಣಗೇರಿಗೆ ಹೋಗಾಣು. ನಾಟಕ ನೋಡಿ, ಐಸ್‌ಕ್ರೀಮ್ ತಿಂದು ಬರಾಣು. ಖಾಜಾನೂ ಬರ್ಲಿ" ಅಂದ.

ನನ್ನ ಬಾಯಿಗೆ ಸಕ್ಕರೆ ಹಾಕಿದಂತಾಯಿತು. ನಾನು ನಾಟಕದ ಹುಚ್ಚ, ಮದುವೆಯಾದ ಮೇಲೆ ಒಂದೂ ನೋಡಿರಲಿಲ್ಲ. ತೆರೆ ಏಳುವುದರಿಂದ ಬೀಳುವತನಕ ಒಂದೇ ಒಂದು ನಾಟಕವನ್ನು ಕಣ್ಣಾರೆ ನೋಡಬೇಕು, ಅಷ್ಟೇ ನನ್ನ ಆಸೆ. ಇಷ್ಟು ಸಣ್ಣ ಆಸೆಗೆ ಇಷ್ಟು ದೊಡ್ಡ ಷಡ್ಡಕ ಅಡ್ಡ ಬರುತ್ತಾನೆಂದು ಯಾರಿಗೆ ಗೊತ್ತಿತ್ತು!

ದಾವಣಗೆರೆಯಲ್ಲಿ ಇಳಿದು ಆಟೊ ಕರೆದರೆ, "ದೇವರು ಕಾಲು ಯಾತಕ್ಕ ಕೊಟ್ಟಾನ?" ಅಂದ. ಸರಿ, ನಡೆಯೋಣ. ಆಸ್ಪತ್ರೆಯ ಮುಂದಿನ ರಸ್ತೆಯಲ್ಲಿ ಹೋದರೆ ರಾತ್ರಿ ತಂಗುವ ಲಾಜು ಹತ್ತು ನಿಮಿಷ. ಈ ಮಹಾಶಯ ಊರೆಲ್ಲ ಸುತ್ತು ಹಾಕಿಸಿ ಮುಕ್ಕಾಲು ಗಂಟೆ ನಡೆಸಿದ. ಕೇಳಿದರೆ, "ಪ್ಯಾಟಿ ನೋಡಾಕ ರೊಕ್ಕ ಕೊಡಬೇಕಾಗಿಲ್ಲ ಮೇಷ್ಟ್ರ" ಅಂತ ಉತ್ತರ! ನನ್ನ ಚಪ್ಪಲಿಯ ಉಂಗುಷ್ಟ ಕಿತ್ತುಹೋಯಿತು. ಜೇಬಿನಿಂದ ಪಿನ್ನು ತೆಗೆದು ಚುಚ್ಚಿಕೊಟ್ಟ. ಎಷ್ಟು ಒಳ್ಳೆಯವನು ಅಂದುಕೊಂಡೆ. ಸೋಮವಾರ ಬೆಳಿಗ್ಗೆ ಶಾಲೆಗೆ ಬಂದು ಪಿನ್ನು ವಾಪಸು ಕೇಳಿದ. ಅದೂ ಹೆಡ್‌ಮಾಸ್ತರರ ಎದುರಿಗೆ!

ಭಾನುವಾರ ಮಧ್ಯಾಹ್ನದ ಆಟ. ತಗಡಿನ ಥೇಟರು, ಒಳಗೆ ಹಾರ್ಮೋನಿಯಂ ಶುರುವಾಗಿದೆ, ನನ್ನ ಕಾಲು ಕುಣಿಯುತ್ತಿವೆ. ಷಡ್ಡಕ ಕೌಂಟರಿನಿಂದ ಒಂದೇ ಟಿಕೀಟು ಹಿಡಿದುಕೊಂಡು ಬಂದ.

"ಉಳಿದವು?" ಅಂದೆ.

"ಮೂರು ಮಂದಿ ನೋಡಿದ್ರೂ ನಾಟಕ ಒಂದ ಅಲ್ಲೇನ್ರಿ? ಕಟಿಂಗ್ ಅಂಗಡ್ಯಾಗ ಒಂದ ಪೇಪರ್ ಹತ್ತು ಮಂದಿ ಓದಂಗಿಲ್ಲೇನು? ನಾನು ನೋಡಿ ಬಂದು ಹೇಳತೀನಿ."

"ಹಂಗಾದ್ರ ನಾನ ಹೋಗತೀನಿ ಒಳಗ!"

"ನೀವು ಮೇಷ್ಟ್ರು. ನೀವು ಕಥಿ ಹೇಳಿದ್ರ ಪಾಠ ಆಗತೈತಿ, ಕೇಳಾವ್ರು ಮಲಗತಾರ. ಖಾಜಾ ಅಂತೂ ಬಾಯಿ ಬಿಡಂಗಿಲ್ಲ. ಮತ್ತ ಯಾರು ಉಳದ್ರು ಹೇಳ್ರಿ?"

ನನ್ನ ಪಾಲಿನ ದುಡ್ಡು ಬಸ್ಸು ಹತ್ತುವಾಗಲೇ ಅವನ ಒಳಜೇಬು ಸೇರಿತ್ತು. ನನ್ನ ಹೆಂಡತಿ ಅದರ ಮೇಲೆ ಒಂದು ಬಿಡಿಗಾಸೂ ಕೊಡುವವಳಲ್ಲ, ಅಕ್ಕನ ಗಂಡನ ಮೇಲೆ ಅಷ್ಟು ನಂಬಿಕೆ! ಮೂರು ತಾಸು ನಾನು, ಖಾಜಾ ಎದುರಿನ ಸಿಮೆಂಟು ಬೆಂಚಿನ ಮೇಲೆ ಕೂತೆವು. ಒಳಗಿನವರು ಬಿದ್ದು ಬಿದ್ದು ನಗುತ್ತಿದ್ದರು. ಯಾಕೆ ನಗುತ್ತಿದ್ದಾರೆಂದು ಗೊತ್ತಿಲ್ಲದೆ ನಗು ಕೇಳುತ್ತ ಕೂರುವ ಶಿಕ್ಷೆಯನ್ನು ಶತ್ರುವಿಗೂ ಕೊಡಬಾರದು.

ಇನ್ನು ಐಸ್‌ಕ್ರೀಮು. ಉದ್ದನೆ ಗ್ಲಾಸಿನ ಒಂದು ಗಡ್‌ಬಡ್, ಮೂರು ಚಮಚ. ಪದರ ಪದರವಾಗಿ ಹಂಚಿಕೆ. ಕಥೆ ಹೇಳುವವನ ಗಂಟಲು ಒಣಗಿರುತ್ತದಾದ್ದರಿಂದ ಮೇಲಿನ ಪದರ ಷಡ್ಡಕನಿಗೆ. ನಡುವಿನ ಹಣ್ಣು, ಗೋಡಂಬಿ ಖಾಜಾನಿಗೆ. ತಳದಲ್ಲಿ ಕರಗಿ ನೀರಾದ ಜೆಲ್ಲಿ ನನಗೆ. ಓದಿದವನಿಗೆ ತಾಳ್ಮೆ ಇರಬೇಕಂತೆ!

ಕಥೆಯಾದರೂ ನೆಟ್ಟಗಿತ್ತೇ? ಅವನು ಹೇಳಿದ ಪ್ರತಿ ನಾಟಕದಲ್ಲೂ ಒಬ್ಬಳು ಪುಟ್ಟ ಹುಡುಗಿ ಬರುತ್ತಿದ್ದಳು. ಹಾಸ್ಯ ನಾಟಕವಿರಲಿ, ಕುಡುಕ ಗಂಡನ ನಾಟಕವಿರಲಿ, ಅವಳು ಹಾಜರು. ಪೌರಾಣಿಕ ನಾಟಕದಲ್ಲಂತೂ ಯುದ್ಧಭೂಮಿಯ ನಡುವೆ ಪಾಟಿಚೀಲ ಹಾಕಿಕೊಂಡು ಹಾದುಹೋದಳು! ಹೆಸರು ಕೇಳಿದರೆ "ಮರತೇನ್ರಿ" ಅನ್ನುತ್ತಿದ್ದ. ಮೊದಲನೇ ನಾಟಕದಲ್ಲಿ ಅವಳಿಗೆ ಕಾಯಿಲೆ ಬಂತು, ವಾಸಿಯಾಯಿತು, ಒಂದನೇ ಕ್ಲಾಸಿಗೆ ಸೇರಿದಳು. ಕಥೆ ಮುಗಿಯಿತೆಂದು ನಾನು ಚಮಚ ಎತ್ತಿದೆ.

"ಆಮ್ಯಾಲ?" ಅಂದ ಖಾಜಾ.

ನಾಲ್ಕು ತಿಂಗಳ ಮೇಲೆ ಅವನ ಬಾಯಿಂದ ಬಂದ ಮೊದಲ ಮಾತು ಅದು. ನಾನು ಗಮನಿಸಲಿಲ್ಲ. ಜೆಲ್ಲಿ ನೋಡುತ್ತಿದ್ದೆ.

ತಿಂಗಳಿಗೊಂದು ಸಲ ಇದೇ ಪ್ರಯಾಣ, ಇದೇ ಸುತ್ತು, ಇದೇ ಜೆಲ್ಲಿ. ನಾಟಕ ಬದಲಾದಂತೆ ಹುಡುಗಿ ಎರಡನೇ ಕ್ಲಾಸು, ಮೂರನೇ ಕ್ಲಾಸು ಅಂತ ಮುಂದೆ ಹೋದಳು. ನಮ್ಮ ಶಾಲೆಯಲ್ಲಿ ಒಂದೇ ಕ್ಲಾಸಿನಲ್ಲಿ ಮೂರು ವರ್ಷ ಬೇರು ಬಿಟ್ಟವರಿದ್ದಾರೆ, ಇವಳು ತಿಂಗಳಿಗೊಂದು ಪಾಸು! ಖಾಜಾ ಮಾತ್ರ ಕಣ್ಣು ಮಿಟುಕಿಸದೆ ಕೇಳುತ್ತಿದ್ದ, "ಆಮ್ಯಾಲ?" ಅನ್ನುತ್ತಿದ್ದ. ನಾನು ಸಿಟ್ಟಿನಿಂದ ಗ್ಲಾಸಿನ ತಳ ಕೆರೆಯುತ್ತಿದ್ದೆ.

ಅಷ್ಟರಲ್ಲಿ ತರಬೇತಿಗೆಂದು ನನ್ನನ್ನು ಹಗರಿಬೊಮ್ಮನಹಳ್ಳಿಗೆ ಹಾಕಿದರು. ಅಲ್ಲೊಂದು ನಾಟಕ ಕಂಪನಿ ಬೀಡುಬಿಟ್ಟಿತ್ತು. ಭತ್ಯೆಯ ದುಡ್ಡಿನಲ್ಲಿ ಮುಂದಿನ ಸಾಲಿನ ಕುರ್ಚಿಗೇ ಟಿಕೀಟು ತೆಗೆದು, ತೆರೆ ಏಳುವುದರಿಂದ ಬೀಳುವತನಕ ನೋಡಿದೆ. ಆ ನಾಟಕದಲ್ಲಿ ನಿಜಕ್ಕೂ ಒಬ್ಬಳು ಪುಟ್ಟ ಹುಡುಗಿ ಇದ್ದಳು. ಕೊನೇ ಸೀನಿನಲ್ಲಿ ಅಪ್ಪನ ತೋಳಿನಲ್ಲಿ ಸಾಯುತ್ತಾಳೆ. ಥೇಟರಿಗೆ ಥೇಟರೇ ಅತ್ತಿತು, ನಾನೂ ಅತ್ತೆ.

ಮುಂದಿನ ತಿಂಗಳು ಅದೇ ಕಂಪನಿ ದಾವಣಗೆರೆಗೆ ಬಂತು, ಬೋರ್ಡಿನ ಮೇಲೆ ಅದೇ ನಾಟಕ. ಸಿಕ್ಕಿಬಿದ್ದೆ ಮಗನೆ ಅಂದುಕೊಂಡೆ! ಬೆಂಚಿನ ಮೇಲೆ ಮೂರು ತಾಸು ಖುಷಿಯಿಂದ ಕೂತೆ. ಗಡ್‌ಬಡ್ ಬಂತು. ಷಡ್ಡಕ ಮೇಲಿನ ಪದರ ತಿಂದು, ಬಾಯಿ ಒರೆಸಿಕೊಂಡು ಹೇಳತೊಡಗಿದ. ಹುಡುಗಿಗೆ ಜ್ವರ ಬಂತು. ಅಪ್ಪ ಎತ್ತಿಕೊಂಡು ಓಡಿದ. ಡಾಕ್ಟರು ಸೂಜಿ ಚುಚ್ಚಿದರು.

"ಆಕಿ ಕಣ್ಣು ಬಿಟ್ಲು ನೋಡು ಖಾಜಾ! ಎದ್ದು ಕುಂತ್ಲು. ಆ ವರ್ಷ ಏಳನೇತ್ತ ಪರೀಕ್ಷಿ..."

"ಸುಳ್ಳು!" ಅಂದೆ. "ನಾನು ಹಗರಿಬೊಮ್ಮನಹಳ್ಳ್ಯಾಗ ಕಣ್ಣಾರೆ ನೋಡೀನಿ. ಕಡೀ ಸೀನಿನ್ಯಾಗ ಆ ಹುಡುಗಿ ಸಾಯತಾಳ!"

ಅಂದ ಮೇಲೆ ನಾನು ಅಂದದ್ದು ಏನೆಂದು ನನಗೇ ಕೇಳಿಸಿತು. ಷಡ್ಡಕ ನನ್ನನ್ನು ನೋಡಿದ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ, ಬೈಯಲಿಲ್ಲ. ಖಾಜಾ ಚಮಚ ಕೆಳಗಿಟ್ಟ.

"ನಂಗೊತ್ತೈತಿ ಮೇಷ್ಟ್ರ," ಅಂದ. "ಈ ಕಂಪನಿ ಕೊಟ್ಟೂರಿಗೆ ಬಂದಾಗ ನಾನೂ ನೋಡೀನಿ. ಮಗಳ್ನ ಕರಕೊಂಡು ಹೋಗಿದ್ದೆ. ತೊಡಿಮ್ಯಾಲ ನಿದ್ದಿ ಹೋಗಿದ್ಲು. ಕಡೀ ಸೀನು ಆಕಿ ನೋಡ್ಲಿಲ್ಲ." ಷಡ್ಡಕನ ಕಡೆ ಕೈ ತೋರಿಸಿದ. "ಸಾವ್ಕಾರ್ರು ಕಟ್ಟಿ ಹೇಳತಾರಂತ ಮೊದಲ್ನೇ ಸಲಾನ ಗೊತ್ತಾತು. ಥೇಟರಿನ್ಯಾಗ ಏನರ ಆಗ್ಲಿ, ಈ ಟೇಬಲ್ ಮ್ಯಾಲ ಆಕಿ ದೊಡ್ಡಾಕಿ ಆಗಾಕತ್ಯಾಳ. ಅದಕ್ಕ ಬರತೀನಿ ನಾನು."

ಆಸ್ಪತ್ರೆಯ ರಸ್ತೆ ಬಿಟ್ಟು ಸುತ್ತು ಹಾಕಿಸುತ್ತಿದ್ದದ್ದು ಯಾಕೆಂದು ಆಗ ನನ್ನ ದಪ್ಪ ತಲೆಗೆ ಹೊಳೆಯಿತು. ಎಂಟು ತಿಂಗಳು ಬೇಕಾಯಿತು, ನಾನು ಪಾಠ ಹೇಳುವ ಮೇಷ್ಟ್ರು! ಗ್ಲಾಸಿನಲ್ಲಿ ಐಸ್‌ಕ್ರೀಮು ಕರಗುತ್ತಿತ್ತು, ಮೂವರಲ್ಲಿ ಯಾರೂ ಮುಟ್ಟಲಿಲ್ಲ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

"ಆಮ್ಯಾಲ?" ಅಂದೆ ನಾನು.

ಷಡ್ಡಕ ಟವೆಲ್ಲಿನಿಂದ ಮುಖ ಒರೆಸಿಕೊಂಡ. "ಆಮ್ಯಾಲ ಏನ್ರಿ... ಏಳನೇತ್ತ ಪಾಸಾದ್ಲು. ಇನ್ನ ಹೈಸ್ಕೂಲಿಗೆ ಹಾಕಬೇಕು. ಮೇಷ್ಟ್ರು ನೀವ ಅದೀರಿ, ಸೇರಿಸ್ಕೊಳ್ರಿ."

"ಸೇರಿಸ್ಕೊಂತೀನಿ. ಹೆಸರು ಏನಂತ ಬರಕೊಳ್ಳಲಿ?"

ಷಡ್ಡಕ ಗ್ಲಾಸನ್ನು ಖಾಜಾನ ಕಡೆ ಸರಿಸಿದ.

"ರೇಷ್ಮಾ ಅಂತ ಬರಕೊಳ್ರಿ," ಅಂದ ಖಾಜಾ.

ಮಗಳನ್ನು ಮಣ್ಣು ಮಾಡಿ ಬಂದ ಮೇಲೆ ಅವನ ಬಾಯಲ್ಲಿ ಆ ಹೆಸರು ಕೇಳಿದ್ದು ಅದೇ ಮೊದಲು.