ತುಟಿಯ ಮೇಲಿನ ಕಲೆ

ಮೆಡಿಕಲ್ ಕಾಲೇಜಿನ ಹುಡುಗನಿಗೆ ಕಾಯಿಲೆ ಬಂದರೆ ಅವನು ಡಾಕ್ಟರ ಬಳಿ ಹೋಗುವುದಿಲ್ಲ. ಸೊಕ್ಕು ಎಂದುಕೊಳ್ಳಬೇಡಿ, ಅದು ಹೆದರಿಕೆ. ವಾರ್ಡಿನಲ್ಲಿ ಮಲಗಿದನೋ, ಮರುದಿನವೇ ಪ್ರೊಫೆಸರರು ಅವನದೇ ತರಗತಿಯ ಇಪ್ಪತ್ತು ಜನರನ್ನು ಕರೆತಂದು, ಅವನ ಅಂಗಿ ಎತ್ತಿಸಿ, ಹೊಟ್ಟೆ ಒತ್ತಿ ನೋಡಲು ಹೇಳುತ್ತಾರೆ. ಆ ಇಪ್ಪತ್ತರಲ್ಲಿ ಆರು ಜನ ಹುಡುಗಿಯರು. ಹೀಗಾಗಿ ಬಳ್ಳಾರಿಯ ನಮ್ಮ ಹಾಸ್ಟೆಲಿನಲ್ಲಿ ಯಾರಿಗೂ ಕಾಯಿಲೆ ಬರುತ್ತಿರಲಿಲ್ಲ. ಬಂದರೂ ಮಂಚದ ಕೆಳಗಿನ ಬಿಸ್ಕತ್ ಡಬ್ಬಿಯಿಂದಲೇ ವಾಸಿಯಾಗಬೇಕಿತ್ತು. ಔಷಧ ಕಂಪನಿಯವರು ಸೀನಿಯರುಗಳಿಗೆ ಕೊಟ್ಟ ಸ್ಯಾಂಪಲ್ ಮಾತ್ರೆಗಳೆಲ್ಲ ಆ ಡಬ್ಬಿ ಸೇರುತ್ತಿದ್ದವು. ಯಾವುದನ್ನು ಯಾವಾಗ ನುಂಗಬೇಕೆಂಬುದನ್ನು ಆ ವಾರ ಓದಿದ ಪಾಠ ತೀರ್ಮಾನಿಸುತ್ತಿತ್ತು.

ನನ್ನ ಕಾಯಿಲೆಯ ಮೂಲ ಮಿರ್ಚಿ-ಮಂಡಕ್ಕಿ. ಸಂಜೆ ತಿನ್ನುವುದು, ಬೆಳಿಗ್ಗೆ ಹೊಟ್ಟೆ ಕೆಡುವುದು, ಡಬ್ಬಿಯಿಂದ ಎರಡು ಸಲ್ಫಾ ಮಾತ್ರೆ ನುಂಗುವುದು. ಹೊಟ್ಟೆ ಸರಿಹೋಗುತ್ತಿತ್ತು. ಆದರೆ ಕೆಳತುಟಿಯ ಮೇಲೆ ದುಂಡಗಿನ ಕಪ್ಪು ಕಲೆಯೊಂದು ಎದ್ದಿತು. ಇನ್ನೇನು ಮಾಸಿತು ಎನ್ನುವಾಗ ಮತ್ತೆ ಅಲ್ಲೇ, ಇನ್ನಷ್ಟು ಕಪ್ಪಗೆ. ಆಗ ಚರ್ಮರೋಗದ ಪಾಠ ನಡೆಯುತ್ತಿತ್ತು. ಆ ಪುಸ್ತಕದಲ್ಲಿದ್ದ ರೋಗಗಳೆಲ್ಲವೂ ನನ್ನ ತುಟಿಗೆ ಹೇಳಿ ಮಾಡಿಸಿದಂತಿದ್ದವು. ಒಂದೊಂದಕ್ಕೂ ಒಂದೊಂದು ಮುಲಾಮು ಹಚ್ಚಿಕೊಂಡು ರಜೆಗೆ ನಮ್ಮೂರು ಕಂಪ್ಲಿಗೆ ಹೋದೆ.

ಅಪ್ಪನದು ಅಕ್ಕಿ ಗಿರಣಿ. ಕಾಲುವೆ ಬಂದ ಮೇಲೆ ಭತ್ತ ಹೆಚ್ಚಿತ್ತು, ಗಿರಣಿ ಬೆಳೆದಿತ್ತು, ಮನೆಯಲ್ಲೊಬ್ಬ ಡಾಕ್ಟರೂ ಇರಲಿ ಎನ್ನುವಷ್ಟು ಅನುಕೂಲವಾಗಿತ್ತು. ಅಪ್ಪ ನನ್ನ ಗದ್ದ ಹಿಡಿದು, ಅಕ್ಕಿಕಾಳು ನೋಡುವ ಹಾಗೆ ಬೆಳಕಿಗೆ ತಿರುಗಿಸಿದರು.

"ಬೀಡಿ ಸೇದಾಕ ಹತ್ತಿಯೇನಲೇ?"

"ಇಲ್ಲಪ್ಪ."

"ಮತ್ತ ತುಟಿ ಯಾಕ ಸುಟ್ಟೈತಿ?"

ಗೊತ್ತಿಲ್ಲ ಎಂದರೆ ಮೂರು ವರ್ಷ ಏನು ಓದಿದೆ ಎಂದು ಕೇಳುತ್ತಾರೆ. ಗೊತ್ತು ಎಂದರೆ ರೋಗದ ಹೆಸರು ಹೇಳಬೇಕು.

"ಬೀಡಿ ಸೇದಾಕ ಬಳ್ಳಾರಿತನಕ ಯಾಕ ಹೋಗ್ಬೇಕು? ಓದಿದ್ದು ಸಾಕು. ಗಿರಣಿಗೆ ಬಾ, ಹಮಾಲ್ರ ಜೋಡಿ ಕುಂತು ಸೇದುವಂತಿ!"

ಅಪ್ಪ ಆಡಿದ್ದನ್ನು ಮಾಡುವವರು. ನನಗೆ ನಿಜವಾಗಿಯೂ ಅಳು ಬಂತು. ಅದನ್ನು ನೋಡಲಾರದೆ ಅವ್ವ, ಮಗನಿಗೆ ಇಷ್ಟವೆಂದು ಒಂದು ಬುಟ್ಟಿ ಮಿರ್ಚಿ ಕರಿದಳು. ತಿಂದೆ. ಹೊಟ್ಟೆ ಕೆಟ್ಟಿತು. ಜೇಬಿನಲ್ಲಿದ್ದ ಎರಡು ಮಾತ್ರೆ ನುಂಗಿದೆ.

ಮರುದಿನ ತುಟಿ ಊದಿ, ಕಲೆ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಹಿಂದಿನ ದಿನವೆಲ್ಲ ಕಣ್ಣೆದುರೇ ಇದ್ದವನು ಬೀಡಿ ಮುಟ್ಟಿಲ್ಲವೆಂದು ಅಪ್ಪನಿಗೆ ಗೊತ್ತಿತ್ತು. ಈಗ ಅವರಿಗೇ ಹೆದರಿಕೆಯಾಯಿತು. ತುಟಿಪಿಟಕ್ಕೆನ್ನದೆ ನನ್ನನ್ನು ಬಸ್ಸು ಹತ್ತಿಸಿ ಹೊಸಪೇಟೆಯ ಹಳೇ ಡಾಕ್ಟರೊಬ್ಬರ ಮುಂದೆ ಕೂರಿಸಿದರು.

"ಯಾವ ಗುಳಿಗಿ ನುಂಗ್ತಿ?" ಡಾಕ್ಟರು ಕೇಳಿದ್ದು ಇಷ್ಟೇ.

ಹೇಳಿದೆ.

"ಅದು ನಿನಗ ಒಗ್ಗಂಗಿಲ್ಲ. ನುಂಗಿದಾಗೆಲ್ಲ ಅದ ಜಾಗದಾಗ ಕಲಿ ಏಳ್ತೈತಿ. ಬಿಟ್ಟುಬಿಡು."

ಔಷಧದಿಂದ ಬರುವ ಕಲೆಗಳದ್ದು ಪುಸ್ತಕದ ಕೊನೆಯ ಪಾಠ. ಪರೀಕ್ಷೆಗೆ ಬರುವುದಿಲ್ಲವೆಂದು ಬಿಟ್ಟಿದ್ದೆ.

"ಅಂದ್ರ ಬೀಡಿ ಅಲ್ಲೇನ್ರಿ?" ಅಪ್ಪ ಕೇಳಿದರು.

"ಅಲ್ಲ ಸಾಹುಕಾರ್ರೆ. ಹುಡುಗ ಓದಿದ್ದು ಕಡಿಮಿ ಆಗೈತಿ, ಅಷ್ಟ."

"ಅಷ್ಟ ಏನ್ರಿ? ಹಂಗಾರ ಡಾಕ್ಟರ್ ಆಗ್ಲಿ ಬಿಡ್ರಿ!" ಅಪ್ಪನ ಮುಖ ಅರಳಿತು.

ಆದೆ. ಹೊಸಪೇಟೆಯಲ್ಲೇ ಕ್ಲಿನಿಕ್ ಇಟ್ಟಿದ್ದೇನೆ. ತಾವೇ ಗುಳಿಗೆ ನುಂಗಿ ಬಂದವರಿಗೆ ಚೆನ್ನಾಗಿ ಬೈಯುತ್ತೇನೆ. ಕಲೆ ಮಾತ್ರ ಪೂರ್ತಿ ಹೋಗಲಿಲ್ಲ. ಮೊನ್ನೆ ಬುಕ್ಕಸಾಗರದ ರೈತನೊಬ್ಬ ಕೆಮ್ಮುತ್ತ ಬಂದ. ಎದೆ ಪರೀಕ್ಷಿಸಿ, ಬೀಡಿ ಬಿಡದಿದ್ದರೆ ಉಳಿಗಾಲವಿಲ್ಲವೆಂದು ಗದರಿಸಿದೆ. ಅವನು ನನ್ನ ತುಟಿಯನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಸ್ಟೂಲು ಹತ್ತಿರಕ್ಕೆ ಎಳೆದುಕೊಂಡು, ದನಿ ತಗ್ಗಿಸಿ ಹೇಳಿದ:

"ಆತ್ರಿ ಡಾಕ್ಟ್ರೇ. ಇಬ್ರೂ ಕೂಡೇ ಬಿಡೋಣು."