ಕಾರಿನೊಳಗಿನ ಹಲ್ಲಿ

ನಮ್ಮ ಮನೆಯಲ್ಲಿ ಕೊನೆಯ ಮಾತು ನನ್ನದೂ ಅಲ್ಲ, ಯಜಮಾನರದೂ ಅಲ್ಲ. ಹಲ್ಲಿಯದು. ಯಾರಾದರೂ ಒಂದು ಮಾತಾಡಿ ಬಾಯಿ ಮುಚ್ಚುವಷ್ಟರಲ್ಲಿ ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟಿತೋ, ಆ ಮಾತು ಸತ್ಯ. ಯಜಮಾನರು ಬೆರಳಿನಿಂದ ನೆಲ ಕುಟ್ಟಿ ‘ಕೃಷ್ಣ ಕೃಷ್ಣ’ ಅನ್ನುತ್ತಾರೆ, ಕೇಸು ಮುಗಿಯುತ್ತದೆ, ಮೇಲ್ಮನವಿ ಇಲ್ಲ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ‘ಈ ಹುಡುಗಿಗೆ ಸಾರು ಮಾಡಕ್ಕೆ ಬರಲ್ಲ’ ಅಂದದ್ದಕ್ಕೆ ಹಲ್ಲಿ ನುಡಿದುಬಿಟ್ಟಿತ್ತು. ಆಮೇಲೆ ನಾನು ಎಂಥ ಸಾರು ಮಾಡಿದರೂ ಎಲ್ಲರೂ ಸುರಿದುಕೊಂಡು ಉಂಡು, ಕೈ ನೆಕ್ಕಿ, ನನ್ನನ್ನು ಕನಿಕರದಿಂದ ನೋಡುತ್ತಿದ್ದರು.

ಇಂಥ ಮನೆಗೆ ಮಗಳು ಸುಮ ಕರೆಂಟಿನ ಕಾರು ತಂದಳು. ಅವಳು ದನದ ಡಾಕ್ಟರು. ಕೊಪ್ಪದಲ್ಲಿ ನಮ್ಮ ಜೊತೆಗಿದ್ದು, ಕಿಗ್ಗ, ನೆಮ್ಮಾರ್ ಅಂತ ದಿನಾ ಹಳ್ಳಿ ತಿರುಗುವವಳು. ಸದ್ದಿಲ್ಲದ ಕಾರಾದರೆ ದನ ಬೆದರುವುದಿಲ್ಲ ಎಂದು ಅವಳ ಲೆಕ್ಕ. ಸದ್ದಿಲ್ಲ, ನಿಜ. ಆದರೆ ಗುಂಡಿ ಒತ್ತಿದ ಕೂಡಲೇ ಒಳಗೆಲ್ಲೋ ಒಂದು ‘ಟಕ್’. ಮೊದಲ ದಿನವೇ ಯಜಮಾನರು ಮುಂದಿನ ಸೀಟಿನಲ್ಲಿ ಕೂತು ‘ಗಾಡಿ ಬಾಳಿಕೆ ಬರತ್ತೆ’ ಅಂದರು, ಸುಮ ಗುಂಡಿ ಒತ್ತಿದಳು, ಟಕ್.

‘ಕೃಷ್ಣ ಕೃಷ್ಣ! ಕೇಳಿದ್ಯನೇ? ಒಳಗೊಂದು ಹಲ್ಲಿ ಸೇರ್ಕಂಡಿದೆ.’

ಹುಡುಕಿದೆವು. ನಾನು ಬಾನೆಟ್ಟಿನೊಳಗೆ ಟಾರ್ಚು ಬಿಟ್ಟೆ, ಸೀಟಿನಡಿ ಪೊರಕೆ ಆಡಿಸಿದೆ. ದನದ್ದೋ ಮನುಷ್ಯರದ್ದೋ ತಿಳಿಯದ ಒಂದು ಮಾತ್ರೆ ಸಿಕ್ಕಿತು, ಅಷ್ಟೆ. ಕೊನೆಗೆ ಸುಮ ಕಂಪನಿಯವರಿಗೆ ಫೋನು ಹಚ್ಚಿ, ಫೋನನ್ನೇ ಕಾರಿನ ಮೂತಿಗೆ ಹಿಡಿದಳು. ಆ ಕಡೆಯ ಹುಡುಗಿ ಕೇಳಿಸಿಕೊಂಡು, ‘ಒಂದೇ ಟಕ್ ಆದ್ರೆ ಏನೂ ತೊಂದ್ರೆ ಇಲ್ಲ ಮೇಡಂ. ದೊಡ್ಡ ಬ್ಯಾಟರಿನ ಮೋಟಾರಿಗೆ ಜೋಡಿಸೋ ಸ್ವಿಚ್ಚು ಅದು. ಟಕಟಕ ಅಂತ ಬಡ್ಕೊಂಡ್ರೆ ಮಾತ್ರ ನೋಡ್ಬೇಕು’ ಅಂದಳು.

‘ಪಾಪ, ಸಿಟಿ ಹುಡುಗಿ, ಹಲ್ಲಿ ನೋಡಿರಲ್ಲ’ ಅಂದರು ಯಜಮಾನರು.

ನಕ್ಕು ಸುಮ್ಮನಾಗಬಹುದಿತ್ತು, ಆದರೆ ಯಜಮಾನರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಪೇಟೆಯ ಬಟ್ಟೆ ಅಂಗಡಿ ಮುಂದೆ ಸೀರೆ ಉಟ್ಟು ನಿಂತ ಗೊಂಬೆಗೆ ‘ಯಾವಾಗ ಬಂದ್ಯೇ?’ ಎಂದು ಕೇಳಿ, ಉತ್ತರ ಕೊಡಲಿಲ್ಲವೆಂದು ಮುನಿಸಿಕೊಂಡು ಬಂದಿದ್ದರು. ಅದಕ್ಕೂ ನಕ್ಕಿದ್ದೆ. ಆದರೆ ಒಂದು ದಿನ ಬಸ್‌ಸ್ಟ್ಯಾಂಡಿನಲ್ಲಿ, ರಿವರ್ಸ್ ಬರುತ್ತಿದ್ದ ಬಸ್ಸಿನ ಕಡೆಗೇ ನಡೆದುಬಿಟ್ಟರು. ಕಂಡಕ್ಟರು ಅಂಗಿ ಹಿಡಿದು ಎಳೆಯದಿದ್ದರೆ ಈ ಪ್ರಬಂಧದಲ್ಲಿ ತಮಾಷೆ ಇರುತ್ತಿರಲಿಲ್ಲ.

ಶಿವಮೊಗ್ಗದಲ್ಲಿ ಆಪರೇಷನ್ ಎಂದು ದಿನ ನಿಗದಿಯಾಯಿತು. ಬಸ್ಸಿನಲ್ಲಿ ಹೋದರೆ ಅವರಿಗೆ ವಾಂತಿ, ಕಾರೇ ಆಗಬೇಕು. ಅವರಿಗೆ ಒಳಗೊಳಗೆ ಹೆದರಿಕೆ, ಬಾಯಿಬಿಟ್ಟು ಹೇಳುವ ಜಾತಿಯಲ್ಲ. ಕಾರಿನಲ್ಲಿ ಗಂಭೀರವಾಗಿ ಕೂರುವರು. ಸುಮಳ ಬೆರಳು ಗುಂಡಿಯ ಹತ್ತಿರ ಹೋದದ್ದೇ, ‘ಇವತ್ತು ಹೋದ್ರೆ ಒಳ್ಳೇದಾಗಲ್ಲ ಅನ್ಸತ್ತೆ’ ಅನ್ನುವರು. ಟಕ್. ಬಾಗಿಲು ತೆಗೆದು ಇಳಿದೇಬಿಡುವರು. ಬಸ್ಸು ಕಾಣದ ಕಣ್ಣಿಗೆ ಮಗಳ ಬೆರಳು ಹೇಗೆ ಕಾಣುತ್ತಿತ್ತೋ!

ಹೀಗೆ ಮತ್ತೆ ಮತ್ತೆ ದಿನ ತಪ್ಪಿತು. ಇನ್ನು ಹಲ್ಲಿಯ ಮುಂದೆ ಮೊದಲ ಮಾತು ನನ್ನದಾಗಬೇಕು ಎಂದು ನಿಶ್ಚಯಿಸಿದೆ. ಮುಂದಿನ ಸಲ ಹಿಂದಿನ ಸೀಟಿನಲ್ಲಿ ಬಾಯಿ ತೆರೆದುಕೊಂಡೇ ಕೂತಿದ್ದೆ. ಆದರೂ ಅವರೇ ಮುಂದಾದರು. ‘ಇವತ್ತೂ ಬ್ಯಾಡ.’

ಟಕಟಕಟಕಟಕಟಕ! ಹಲ್ಲಿಗಳ ಮಹಾಸಭೆಯೇ ಸೇರಿ ಅನುಮೋದಿಸಿದ ಹಾಗೆ. ಕಾರು ಮಿಸುಕಲಿಲ್ಲ. ಯಜಮಾನರು ಇಳಿದು ಬಾನೆಟ್ಟಿಗೆ ಕೈಮುಗಿದರು.

ಸುಮ ಅಲ್ಲಿ ಇಲ್ಲಿ ನೋಡಿ ನನ್ನತ್ತ ತಿರುಗಿದಳು. ‘ಅಮ್ಮಾ, ಒಳಗಿನ ಲೈಟು ರಾತ್ರಿಯೆಲ್ಲ ಉರಿದಿದೆ. ನಿನ್ನೆ ಕಾರಲ್ಲಿ ಕೂತಿದ್ದು ಯಾರು?’

ನಾನೇ. ಫೋನಿನಲ್ಲಿ ಟೈಪ್ ಮಾಡುವುದು ಕಲಿತಿದ್ದೇನಲ್ಲ, ಮನೆಯೊಳಗೆ ಕೂತರೆ ಯಾರಾದರೂ ಕಾಫಿ ಕೇಳುತ್ತಾರೆ. ಕಾರಿನಲ್ಲಿ ದೀಪ ಹಾಕಿಕೊಂಡು ಕೂತು, ಒಂದೇ ಬೆರಳಲ್ಲಿ ನಾದಿನಿಗೆ ‘ಎಲ್ಲರೂ ಆರಾಮ, ನೀವು?’ ಅಂತ ಬರೆಯುವಷ್ಟರಲ್ಲಿ ಊಟದ ಹೊತ್ತಾಗಿತ್ತು. ದೀಪ ಆರಿಸಬೇಕೆಂದು ಯಾರಿಗೆ ನೆನಪು?

‘ಲೈಟಿಗೆಲ್ಲ ಬೇರೆ ಸಣ್ಣ ಬ್ಯಾಟರಿ ಇದೆ ಅಮ್ಮಾ. ಆ ಸ್ವಿಚ್ಚು ಎಳೆಯೋದೂ ಅದೇ. ಅದು ಖಾಲಿಯಾಗಿದೆ. ಸ್ವಿಚ್ಚು ಎದ್ದೇಳಕ್ಕೆ ನೋಡತ್ತೆ, ಬೀಳತ್ತೆ, ಮತ್ತೆ ಏಳತ್ತೆ. ಅದಕ್ಕೇ ಟಕಟಕ.’

ಪಕ್ಕದ ಮನೆಯ ಜೀಪಿನಿಂದ ವೈರು ಎಳೆದು ಅದಕ್ಕೆ ಜೀವ ತುಂಬಿದಳು. ಅಷ್ಟರಲ್ಲಿ ನಾನು ಒಳಗೆ ಹೋಗಿ ಎಲೆ ಅಡಿಕೆ ಹರಿವಾಣ ಮುಂದಿಟ್ಟುಕೊಂಡೆ. ಮೂರು ಎಲೆ ಸೇರಿಸಿ, ಎಮ್ಮೆಗೂ ದೊಡ್ಡದೆನಿಸುವಂಥ ಒಂದು ಕವಳ ಕಟ್ಟಿದೆ.

‘ಹೋಗಲ್ಲ ಅಂದ್ರೆ ಬೇಡ. ಕಾರು ಸರಿ ಆಯ್ತಾ ಅಂತ ಒಂದು ಸಲ ಕೂತು ನೋಡಿ. ಕವಳ ಹಾಕ್ಕಳಿ’ ಅಂದೆ ಮುದ್ದಾಗಿ.

ಕವಳ ಎಂದರೆ ನಮ್ಮವರು ಪ್ರಶ್ನೆ ಕೇಳುವುದಿಲ್ಲ. ಬಾಯಿಗೆ ತುರುಕಿಕೊಂಡು ಕಾರು ಹತ್ತಿದರು. ಸುಮಳ ಬೆರಳು ಗುಂಡಿಯತ್ತ ಹೋಯಿತು. ಇವರು ಬೆಚ್ಚಿ, ರಸ ಚೆಲ್ಲದ ಹಾಗೆ ಗಲ್ಲ ಮೇಲೆತ್ತಿ ‘ಉಂ... ಉಂಉಂ...’ ಅಂದರು. ಹಿಂದಿನ ಸೀಟಿನಿಂದ ನಾನು ಮಾತ್ರ ಸ್ಪಷ್ಟವಾಗಿ, ‘ಇವತ್ತು ಆಪರೇಷನ್ ಆಗತ್ತೆ, ಕಣ್ಣು ಮದುವೆ ದಿನ ಇದ್ದ ಹಾಗೆ ಆಗತ್ತೆ’ ಅಂದೆ.

ಟಕ್. ಒಂದೇ.

ಕಾರು ಹೊರಟಿತು. ಅವರು ಇಳಿಯಲಿಲ್ಲ, ಎಷ್ಟೇ ಹೆದರಿದರೂ ಹಲ್ಲಿಯ ಮಾತು ಮೀರುವವರಲ್ಲ. ನರಸಿಂಹರಾಜಪುರದಲ್ಲಿ ಇಳಿದು ಕವಳ ಉಗಿದು, ‘ಹಲ್ಲಿಗೂ ನಿನ್ನ ಕಂಡ್ರೆ ಹೆದ್ರಿಕೆ’ ಅಂದರು. ಆಸ್ಪತ್ರೆಯಲ್ಲಿ ಒಳಗೆ ಕರೆದಾಗ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡು, ‘ನೀ ಇಲ್ಲೇ ಇರ್ತೀಯಲ?’ ಅಂತ ಕೇಳಿದರು. ನಾನೂ ಆಗ ತಮಾಷೆ ಮಾಡಲಿಲ್ಲ.

ಮಾರನೆಯ ದಿನ, ಆಪರೇಷನ್ ಆದ ಒಂದು ಕಣ್ಣಿನ ಪಟ್ಟಿ ಬಿಚ್ಚಿದರು. ಯಜಮಾನರು ಎದುರು ಗೋಡೆಯ ಗಡಿಯಾರ ಓದಿದರು, ನರ್ಸಿನ ಹೆಸರು ಓದಿದರು, ಹೊರಗೆ ಬಂದು ಕಂಡ ಬೋರ್ಡನ್ನೆಲ್ಲ ಗಟ್ಟಿಯಾಗಿ ಓದಿದರು. ಕಾರು ಹತ್ತಿದ ಮೇಲೆ ನಿಧಾನವಾಗಿ ಹಿಂದೆ ತಿರುಗಿ ನನ್ನನ್ನು ನೋಡಿದರು. ನೋಡಿಯೇ ನೋಡಿದರು. ಮದುವೆ ದಿನದ ಕಣ್ಣಲ್ಲವೇ, ನಾನು ಕೂದಲು ಸರಿಮಾಡಿಕೊಂಡು ಸ್ವಲ್ಪ ಓರೆಯಾಗಿ ಕೂತೆ.

‘ಎಂತದೇ ಮಾರಾಯ್ತಿ, ನೀ ಇಷ್ಟು ಮುದುಕಿ ಆಗಿದೀಯಾ!’

ಸುಮ ಗುಂಡಿ ಒತ್ತಿದಳು. ಟಕ್.

‘ಅದು ಸ್ವಿಚ್ಚು ಮಾರಾಯ್ರೆ! ದೊಡ್ಡ ಬ್ಯಾಟರಿನ ಮೋಟಾರಿಗೆ ಜೋಡಿಸೋ ಸ್ವಿಚ್ಚು! ಅದಕ್ಕೆ ಎಂತ ಗೊತ್ತಾಗತ್ತೆ?’ ಎಂದು ಕೊಪ್ಪ ಬರುವ ತನಕ ಬಿಡಿಸಿ ಬಿಡಿಸಿ ಹೇಳಿದೆ. ಕಾರಿನಲ್ಲಿ ಒಬ್ಬರೂ ನಂಬಲಿಲ್ಲ. ದನದ ಡಾಕ್ಟರು ಕೂಡ.