ಸೀಕರಣಿ ಬಡಿಸುವಾಗ ತಾಟಿಗೆ ಅಡ್ಡಗೈ ಹಿಡಿಯುವ ಕುರಿತು

ಮಿತಾಹಾರ ಮತ್ತು ನಡಿಗೆ ಶಾಖೆ, ಶಿಗ್ಗಾಂವ
ಸಂಖ್ಯೆ: ಮಿನಶಾ/ಬೇಸಿಗೆ/ಸೀಕರಣಿ/07/2025-26
ದಿನಾಂಕ: 14-05-2025

ಸುತ್ತೋಲೆ

ವಿಷಯ: ಬೇಸಿಗೆಯಲ್ಲಿ ನೌಕರರು ಪಥ್ಯ ಹಾಗೂ ವ್ಯಾಯಾಮ ತಪ್ಪಿಸದಿರುವ ಬಗ್ಗೆ.

ಉಲ್ಲೇಖ: 1) ಶ್ರೀಮತಿ ನಾಗವ್ವ, ಹಾನಗಲ್, ಇವರ ಮೌಖಿಕ ಹೇಳಿಕೆ.
2) ವಿಚಾರಣಾಧಿಕಾರಿ ಶ್ರೀ ಕರಬಸಪ್ಪ, ಸವಣೂರು, ಇವರ ವರದಿ (ತುಪ್ಪದ ಕಲೆ ಸಹಿತ).

ಬೇಸಿಗೆ ಬಂತೆಂದರೆ ಮಾವು, ಮದುವೆ, ಮಿರ್ಚಿ ಮೂರೂ ಒಟ್ಟಿಗೇ ಬಂದು ನೌಕರರ ಪಥ್ಯ ಹಳ್ಳ ಹಿಡಿಯುತ್ತಿರುವುದು ಈ ಕಚೇರಿಯ ಗಮನಕ್ಕೆ ಬಂದಿರುತ್ತದೆ. ದ್ವಿತೀಯ ದರ್ಜೆ ಸಹಾಯಕ ಶ್ರೀ ಮಾಲತೇಶ ಇವರೊಬ್ಬರು ಮಾತ್ರ ವೈದ್ಯರ ಮಾತಿನಂತೆ ಸಿಹಿ ಬಿಟ್ಟು, ದಿನಾ ಬೆಳಿಗ್ಗೆ ನಡೆದು, ಬೆಲ್ಟಿಗೆ ಹೊಸ ತೂತು ಹಾಕಿಸಿಕೊಂಡು ಶಾಖೆಯ ಮಾನ ಉಳಿಸಿದ್ದರು. ಕಳೆದ ವಾರ ಸದರಿಯವರು ತವರಿಗೆ ಹೋಗಿದ್ದ ಪತ್ನಿ ಶ್ರೀಮತಿ ನೇತ್ರಾ ಇವರನ್ನು ಕರೆತರಲು ಹಾನಗಲ್ಲಿಗೆ ತೆರಳಿ, ಊಟಕ್ಕೆ ಕುಳಿತು, ಮಾವಿನಹಣ್ಣಿನ ಸೀಕರಣಿ ಬಂದಾಗ ತಾಟಿಗೆ ಅಡ್ಡಗೈ ಹಿಡಿದಿರುತ್ತಾರೆ.

ಅತ್ತೆಯವರಾದ ಶ್ರೀಮತಿ ನಾಗವ್ವ ಇವರ ಹೇಳಿಕೆಯನ್ನು ಯಥಾವತ್ತಾಗಿ ನಮೂದಿಸಿದೆ: “ಅಳಿಯಂದ್ರು ಸೀಕರಣಿ ಬ್ಯಾಡ ಅಂದ್ರ ನಮ್ಮ ಮ್ಯಾಲ ಸಿಟ್ಟ ಐತಿ ಅಂತನ ಅರ್ಥ. ಸಿಟ್ಟಿದ್ದ ಮನಿಗೆ ಮಗಳನ್ನ ಹೆಂಗ ಕಳಸ್ಲಿರಿ? ಒಂದ ತಾಟ ಉಣ್ಲಿ, ಕರ್ಕೊಂಡ ಹೋಗ್ಲಿ.”

ಶ್ರೀ ಮಾಲತೇಶ ಒಬ್ಬರೇ ಬಸ್ಸು ಹತ್ತಿ ಮರಳಿದ್ದು, ಅಂದಿನಿಂದ ಕಡತಗಳನ್ನು ತಲೆಕೆಳಗಾಗಿ ಹಿಡಿದು ಓದುತ್ತಿದ್ದಾರೆ. ನೋಡಲು ಆಗುತ್ತಿಲ್ಲ. ಆದ ಕಾರಣ ಸಮಸ್ತ ನೌಕರರು ಈ ಕೆಳಗಿನಂತೆ ನಡೆದುಕೊಳ್ಳತಕ್ಕದ್ದು.

1. ಈ ಭಾಗದಲ್ಲಿ ಮೊದಲ “ಸಾಕ್ರಿ”ಯನ್ನು ಸಂಕೋಚವೆಂದೂ, ಎರಡನೆಯದನ್ನು ಮರ್ಯಾದೆಯೆಂದೂ, ಮೂರನೆಯದನ್ನು “ಇನ್ನಷ್ಟು ಹಾಕ್ರಿ” ಎಂದೂ ತಿಳಿಯುವ ರೂಢಿ ಇರುವುದರಿಂದ, ಪಥ್ಯದಲ್ಲಿರುವ ನೌಕರರು ನೇರವಾಗಿ ನಾಲ್ಕನೆಯ “ಸಾಕ್ರಿ”ಯಿಂದಲೇ ಪ್ರಾರಂಭಿಸತಕ್ಕದ್ದು.

2. ಎಡಗೈ ಅಡ್ಡ ಹಿಡಿದರೆ ಅವಮಾನ; ಬಲಗೈ ಹಿಡಿದರೆ ಕೈಯ ಮೇಲೆಯೇ ಬಡಿಸಲಾಗುತ್ತದೆ. ಆದ್ದರಿಂದ ಎರಡೂ ಕೈ ಎತ್ತಿ ಮುಗಿಯತಕ್ಕದ್ದು. ಆಗ ತಾಟು ಅನಾಥವಾಗುವುದರಿಂದ, ಅದರ ರಕ್ಷಣೆಗೆ ಒಬ್ಬ ಸಹೋದ್ಯೋಗಿಯನ್ನು ಕರೆದೊಯ್ಯಲು ಅನುಮತಿ ನೀಡಿದೆ. ಸಹೋದ್ಯೋಗಿಯ ಸ್ವಂತ ತಾಟಿಗೆ ಇಲಾಖೆ ಹೊಣೆಯಲ್ಲ.

3. ಮಿರ್ಚಿ ಭಜಿ ಅಂಗಡಿಯ ದಿಕ್ಕಿಗೆ ನಡೆದದ್ದನ್ನು ನಡಿಗೆ ಎಂದು ಪರಿಗಣಿಸಲಾಗದು. ಅಂಗಡಿಗೆ ಬೆನ್ನು ಮಾಡಿ, ಹಿಂದೆ ಹಿಂದೆ ಹೆಜ್ಜೆ ಹಾಕುತ್ತ ಅಲ್ಲಿಗೇ ತಲುಪಿದ ಹಿರೇಕೆರೂರು ಶಾಖೆಯ ಸಿಬ್ಬಂದಿಯ ಮನವಿಯನ್ನು ತಿರಸ್ಕರಿಸಲಾಗಿದೆ.

4. ಬಿಸಿಲಿನ ಕಾರಣಕ್ಕೆ ವ್ಯಾಯಾಮ ಮುಂದೂಡುವವರು ಬಿಸಿಲಿನಿಂದಲೇ ಪ್ರಮಾಣಪತ್ರ ಪಡೆದು ಲಗತ್ತಿಸತಕ್ಕದ್ದು. ಮೋಡ ಕವಿದ ದಿನ ದೃಢೀಕೃತ ನಕಲು ಸಾಕು.

5. ವಿಚಾರಣೆ ಹಾಗೂ ಸಂಧಾನಕ್ಕೆಂದು ಹಾನಗಲ್ಲಿಗೆ ಕಳಿಸಲಾಗಿದ್ದ ಶ್ರೀ ಕರಬಸಪ್ಪ ಇವರು ಯಾವ ಕೈಯನ್ನೂ ಅಡ್ಡ ಹಿಡಿಯದೆ ಉಂಡು, ಅಲ್ಲೇ ತಂಗಿ, ಮತ್ತೆ ಉಂಡು, ಶ್ರೀಮತಿ ನೇತ್ರಾ ಇವರ ಬದಲು ಒಂದು ಬುಟ್ಟಿ ಆಪೂಸು ಮಾವಿನಹಣ್ಣು ತಂದಿರುತ್ತಾರೆ. ವರದಿಯಲ್ಲಿ “ಏಲಕ್ಕಿ ಹದವಾಗಿತ್ತು” ಎಂಬ ಒಂದೇ ವಾಕ್ಯವಿದೆ. ಹಣ್ಣುಗಳನ್ನು ಸಾಕ್ಷ್ಯವೆಂದು ಜಪ್ತಿ ಮಾಡಲಾಗಿದ್ದು, ಸಾಕ್ಷ್ಯ ಈಗ ಲಭ್ಯವಿರುವುದಿಲ್ಲ.

6. (ಅತಿ ಗೋಪ್ಯ) ಶ್ರೀ ಮಾಲತೇಶ ಇವರಿಗೆ ಸಕ್ಕರೆ ಕಾಯಿಲೆ ಇರುವುದು ಯುಗಾದಿಯ ಹೊತ್ತಿಗೆ ಪತ್ತೆಯಾಗಿರುತ್ತದೆ. “ಮದಿವ್ಯಾಗಿ ವರ್ಷ ತುಂಬಿಲ್ರಿ. ಇದನ್ನ ಕೇಳಿದ್ರ ನಮ್ಮ ಅತ್ತಿ ಎದಿ ಒಡ್ಕೋತಾರ” ಎಂದು ಅವರು ಕಣ್ಣೊರೆಸಿಕೊಂಡು ತಿಳಿಸಿದ್ದು, ಪತ್ನಿಯಿಂದಲೂ ಹೇಳಬಾರದೆಂದು ಆಣೆ ಹಾಕಿಸಿಕೊಂಡಿದ್ದಾರೆ. ಕೇಳಿ ಈ ಕಚೇರಿಯ ಕರುಳು ಚುರುಕ್ ಎಂದಿದೆ. ಆದ್ದರಿಂದ ಸದರಿ ಸಂಗತಿಯು ಯಾವುದೇ ಕಾರಣಕ್ಕೂ ಅವರ ಅತ್ತೆಯವರ ಕಿವಿಗೆ ಬೀಳತಕ್ಕದ್ದಲ್ಲ. ಬೀಳಿಸಿದವರ ಮೇಲೆ ಶಿಸ್ತುಕ್ರಮ ಜರುಗಿಸಲಾಗುವುದು.

ಸಹಿ/-
ಶಾಖಾಧಿಕಾರಿ
(ನಡಿಗೆಗೆ ಹೋಗಿರುವುದರಿಂದ, ಅವರ ಪರವಾಗಿ)

ಪ್ರತಿಗಳು:
1. ಎಲ್ಲ ತಾಲೂಕು ಶಾಖೆಗಳು: ಸೂಚನಾ ಫಲಕಕ್ಕೆ ಅಂಟಿಸಲು. ಅಂಟಿಗೆ ಸೀಕರಣಿ ಬಳಸಕೂಡದು.
2. ಶ್ರೀ ಕರಬಸಪ್ಪ, ಸವಣೂರು: ಓದಿ ನಾಚಿಕೊಳ್ಳಲು.
3. ಶ್ರೀ ಮಾಲತೇಶ: ಧೈರ್ಯಕ್ಕಾಗಿ.
4. ಶ್ರೀಮತಿ ನಾಗವ್ವ, ಹಾನಗಲ್: ಮಾಹಿತಿಗಾಗಿ, ಮುದ್ದಾಂ ಮೂಲಕ ಅವರ ಕೈಗೇ ತಲುಪಿಸಲು.